ಮುಷ್ಕರ ಮುಗಿದರೂ ಮುಗಿಯದ ಮುನಿಸು

ಮನುಷ್ಯನ ಕೋಪಕ್ಕೆ ಎಷ್ಟು ಆಯುಷ್ಯವಿರಬೇಕು? ಒಂದು ದಿನವೇ, ಒಂದು ವಾರವೇ, ಅಥವಾ ಅವನ ಇಡೀ ಜೀವಮಾನವೇ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ನೀವು ನಿಮ್ಮಲ್ಲೇ ಕೇಳಿಕೊಳ್ಳುವ ಮೊದಲು ಬಹಳ ದೂರದ ಒಂದು ದೇಶದ ಕಥೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅದು ವಿಮಾನ ಚಾಲಕರ ಕಥೆ. ನಮ್ಮ ಮನೆಗಳಲ್ಲಿ ಗಲ್ಫಿಗೆ ಹೋಗಿ ಬರುವವರಿಗೆ ವಿಮಾನ ಹೊಸದಲ್ಲ. ಆದರೆ ವಿಮಾನದ ಮುಂಭಾಗದಲ್ಲಿ, ಮುಚ್ಚಿದ ಬಾಗಿಲಿನ ಆಚೆ ಕುಳಿತಿರುವ ಇಬ್ಬರು ಪರಸ್ಪರ ಮಾತನಾಡುತ್ತಾರೆಯೇ ಇಲ್ಲವೇ ಎಂದು ನಾವು ಎಂದಾದರೂ ಯೋಚಿಸಿದ್ದೇವೆಯೇ?

1989ರ ಆಗಸ್ಟ್ ತಿಂಗಳು. ಆಸ್ಟ್ರೇಲಿಯಾದೊಳಗೆ ಹಾರಾಡುವ ವಿಮಾನಗಳ ಚಾಲಕರು ತಮ್ಮ ಸಂಘದ ಮೂಲಕ ಸಂಬಳದಲ್ಲಿ ಶೇಕಡಾ 29.47ರಷ್ಟು ಏರಿಕೆ ಬೇಕೆಂದು ಬೇಡಿಕೆಯಿಟ್ಟಿದ್ದರು. ಆನ್ಸೆಟ್, ಆಸ್ಟ್ರೇಲಿಯನ್ ಏರ್‌ಲೈನ್ಸ್, ಈಸ್ಟ್-ವೆಸ್ಟ್ ಮತ್ತು ಐಪೆಕ್ ಎಂಬ ನಾಲ್ಕು ಕಂಪೆನಿಗಳ ಚಾಲಕರು ಅವರು. ಆ ದೇಶದ ಉಳಿದ ಕಾರ್ಮಿಕರೆಲ್ಲ ಸರಕಾರ ಮತ್ತು ಕಾರ್ಮಿಕ ಮಹಾಸಂಘದ ನಡುವೆ 1983ರಿಂದ ಇದ್ದ ಒಂದು ಒಡಂಬಡಿಕೆಗೆ ಒಳಪಟ್ಟು ಬಹಳ ಕಡಿಮೆ ಏರಿಕೆಗೆ ತೃಪ್ತರಾಗಿದ್ದರು. ಪೈಲಟ್‌ಗಳು ಮಾತ್ರ ಆ ಒಡಂಬಡಿಕೆಯ ಹೊರಗೆ ಬರಲು ನಿರ್ಧರಿಸಿದರು. ಆಗಸ್ಟ್ 18ರಂದು ಅವರು ಒಂದು ವಿಚಿತ್ರ ಚಳವಳಿ ಹೂಡಿದರು. ಸಂಬಳದ ವಿಷಯದಲ್ಲಿ ನಮ್ಮನ್ನು ಇತರ ನೌಕರರಂತೆ ಕಾಣುವುದಾದರೆ ಕೆಲಸದ ವೇಳೆಯೂ ಇತರರಂತೆಯೇ ಇರಲಿ ಎಂದು ಬೆಳಿಗ್ಗೆ 9ರಿಂದ ಸಂಜೆ 5ರ ವರೆಗೆ ಮಾತ್ರ ವಿಮಾನ ಹಾರಿಸತೊಡಗಿದರು.

ಆಗಿನ ಪ್ರಧಾನಿ ಬಾಬ್ ಹಾಕ್. ಈ ಮನುಷ್ಯ ಪ್ರಧಾನಿಯಾಗುವ ಮುನ್ನ, 1969ರಿಂದ 1980ರ ವರೆಗೆ, ಅದೇ ಕಾರ್ಮಿಕ ಮಹಾಸಂಘದ ಅಧ್ಯಕ್ಷರಾಗಿದ್ದವರು ಎಂಬುದನ್ನು ಗಮನಿಸಿರಿ. ಕಾರ್ಮಿಕರ ನಾಯಕನೇ ಅಧಿಕಾರದಲ್ಲಿರುವಾಗ ಕಾರ್ಮಿಕರಿಗೆ ಮೃದುವಾದ ಉತ್ತರ ಸಿಗಬಹುದೆಂದು ಯಾರಾದರೂ ಭಾವಿಸಿದ್ದರೆ ಅದು ಸುಳ್ಳಾಯಿತು. ಅವರು ಕಂಪೆನಿಗಳ ಬೆನ್ನಿಗೆ ನಿಂತರು. ಪ್ರಯಾಣಿಕರನ್ನು ಸಾಗಿಸಲು ವಾಯುಪಡೆಯ ವಿಮಾನಗಳನ್ನು ಇಳಿಸಿದರು. ಸರಕು ಸಾಗಿಸುವ ಹರ್ಕ್ಯುಲಿಸ್ ವಿಮಾನಗಳಲ್ಲಿ ಜನರು ಕುಳಿತು ಪ್ರಯಾಣಿಸಿದರು. ವಿದೇಶಗಳಿಂದ ವಿಮಾನಗಳೂ ಚಾಲಕರೂ ಬಂದರು. ಕಂಪೆನಿಗಳು ಚಾಲಕರ ಮೇಲೆ ವೈಯಕ್ತಿಕವಾಗಿ ನಷ್ಟ ಪರಿಹಾರದ ದಾವೆ ಹೂಡಲು ಹೊರಟವು. ದಾವೆ ಬಂದರೆ ಮನೆ, ಉಳಿತಾಯ ಎಲ್ಲವೂ ಹೋದೀತು. ಆ ಕುಣಿಕೆಯಿಂದ ತಪ್ಪಿಸಿಕೊಳ್ಳಲು ಆಗಸ್ಟ್ 24ರಂದು 1,600ಕ್ಕೂ ಹೆಚ್ಚು ಪೈಲಟ್‌ಗಳು ಒಂದೇ ದಿನ ರಾಜೀನಾಮೆ ಕೊಟ್ಟರು. ಒಟ್ಟಾಗಿ ರಾಜೀನಾಮೆ ಕೊಟ್ಟರೆ ಒಟ್ಟಾಗಿಯೇ ಕರೆಯುತ್ತಾರೆ ಎಂದು ಅವರು ನಂಬಿದ್ದರು.

ಯಾರೂ ಅವರನ್ನು ಒಟ್ಟಾಗಿ ಕರೆಯಲಿಲ್ಲ. ಒಬ್ಬೊಬ್ಬರನ್ನಾಗಿ ಕರೆದರು.

ವಾಚಕರೇ, ಈ ಕಥೆಯ ವಿಷವೆಲ್ಲ ಈ ಒಂದು ಮಾತಿನಲ್ಲಿದೆ. ಕಂಪೆನಿಗಳು ಹೊಸ ಕರಾರು ಪತ್ರಗಳನ್ನು ಮುಂದಿಟ್ಟವು. ಸಂಘದ ಮೂಲಕ ಬರಬೇಡಿ, ನೀವೊಬ್ಬರೇ ಬಂದು ಸಹಿ ಹಾಕಿ, ಹೆಚ್ಚು ಗಂಟೆ ಹಾರಿಸಲು ಒಪ್ಪಿಕೊಳ್ಳಿ ಎಂದವು. ಒಬ್ಬ ಸಹಿ ಹಾಕಿದ. ಮತ್ತೊಬ್ಬ ರಾತ್ರಿಯಿಡೀ ನಿದ್ರೆಗೆಟ್ಟು ಬೆಳಿಗ್ಗೆ ಹೋಗಿ ಹಾಕಿದ. ಇನ್ನೊಬ್ಬ ಕೊನೆಯವರೆಗೂ ಹಾಕಲೇ ಇಲ್ಲ. ನವೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಸುಪ್ರೀಮ್ ಕೋರ್ಟು ಸಂಘದ ವಿರುದ್ಧ ತೀರ್ಪಿತ್ತು ಲಕ್ಷಾಂತರ ಡಾಲರುಗಳ ಪರಿಹಾರ ವಿಧಿಸಿತು. 1990ರ ವೇಳೆಗೆ ಸಂಘ ಸಂಪೂರ್ಣ ಸೋತಿತ್ತು. ಸಹಿ ಹಾಕದವರಲ್ಲಿ ನೂರಾರು ಮಂದಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಏಷ್ಯಾ, ಮಧ್ಯಪ್ರಾಚ್ಯ, ಯುರೋಪುಗಳ ಕಂಪೆನಿಗಳಿಗೆ ಹೋದರು. ಕೆಲವರು ಮತ್ತೆಂದೂ ಆ ಮಟ್ಟದ ವಿಮಾನ ಹಾರಿಸಲಿಲ್ಲ. ತಮ್ಮನ್ನು ಅವರು ‘ಎಂಬತ್ತೊಂಬತ್ತರವರು’ ಎಂದೇ ಕರೆದುಕೊಂಡರು. ಮರಳಿ ಹೋದವರಿಗೆ ಮತ್ತು ಹೊಸದಾಗಿ ಸೇರಿದವರಿಗೆ ಬೇರೆ ಹೆಸರಿತ್ತು: ಸ್ಕ್ಯಾಬ್.

ಈ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಭಾಷೆ ಓದಿದವನ ಚಾಳಿಯೆಂದು ಸಹಿಸಿಕೊಳ್ಳಿರಿ. ಗಾಯ ಒಣಗುವಾಗ ಮೇಲೆ ಕಟ್ಟುವ ಹಕ್ಕಳೆಗೂ ಆಂಗ್ಲರು ಇದೇ ಪದವನ್ನು ಬಳಸುತ್ತಾರೆ. ಮುಷ್ಕರ ಮುರಿದವನನ್ನು ಹಕ್ಕಳೆ ಎಂದು ಕರೆದದ್ದು ಅಸಹ್ಯ ಸೂಚಿಸಲು. ಆದರೆ ಹಕ್ಕಳೆಯೆಂಬುದು ದೇಹ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುವ ವಿಧಾನ. ಅದನ್ನು ಕೀಳುತ್ತಾ ಕೂತ ಮಗುವಿನ ಕೈಗೆ ತಾಯಿ ಹೊಡೆಯುತ್ತಾಳೆ, ಮುಟ್ಟಬೇಡ, ಮಾಯಲಿ ಬಿಡು ಎನ್ನುತ್ತಾಳೆ. ಈ ಪೈಲಟ್‌ಗಳಿಗೆ ಹಾಗೆ ಕೈಗೆ ಹೊಡೆಯುವವರು ಯಾರೂ ಇರಲಿಲ್ಲವೆಂದು ತೋರುತ್ತದೆ. ಹೆಸರುಗಳ ಪಟ್ಟಿಗಳು ಸಿದ್ಧವಾದವು, ಹತ್ತಾರು ವರ್ಷ ಕೈಯಿಂದ ಕೈಗೆ ದಾಟಿದವು. ಒಂದೇ ಊಟದ ಮೇಜಿನಲ್ಲಿ ಕುಳಿತವರು ಮುಖ ತಿರುಗಿಸಿದರು, ಚಾಚಿದ ಕೈಯನ್ನು ಹಿಡಿಯಲಿಲ್ಲ.

ಇದು ಆ ಒಂದು ದೇಶದ ರೋಗವೂ ಅಲ್ಲ. ಅಮೆರಿಕದಲ್ಲಿ 1985ರ ಮೇ 17ರಂದು ಯುನೈಟೆಡ್ ಏರ್‌ಲೈನ್ಸ್‌ನ ಚಾಲಕರು ಮುಷ್ಕರ ಹೂಡಿದರು. ಹೊಸಬರಿಗೆ ಕಡಿಮೆ, ಹಳಬರಿಗೆ ಹೆಚ್ಚು ಎಂಬ ಎರಡು ದರ್ಜೆಯ ಸಂಬಳ ಪದ್ಧತಿಯ ಮೇಲೆ ಎದ್ದ ಜಗಳವದು. ಅದು ನಡೆದದ್ದು ಕೇವಲ 29 ದಿನ. ಆದರೆ ಆ 29 ದಿನಗಳಲ್ಲಿ ವಿಮಾನ ಹಾರಿಸಿದವರ ಹೆಸರುಗಳನ್ನು ಬರೆದಿಟ್ಟುಕೊಂಡವರು ಅವರು ನಿವೃತ್ತರಾಗುವವರೆಗೂ ಮರೆಯಲಿಲ್ಲ. ಕಾಕ್‌ಪಿಟ್‌ನಲ್ಲಿ ಒಂದು ಹೆಚ್ಚುವರಿ ಆಸನವಿರುತ್ತದೆ. ಬೇರೆ ಊರಿಗೆ ಕೆಲಸಕ್ಕೆ ಅಥವಾ ಮನೆಗೆ ಹೋಗಬೇಕಾದ ಪೈಲಟ್‌ಗಳು ಕ್ಯಾಪ್ಟನ್‌ನ ಅನುಮತಿ ಪಡೆದು ಅದರಲ್ಲಿ ಕುಳಿತು ಪ್ರಯಾಣಿಸುವುದು ವಾಡಿಕೆ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಆ ಆಸನ ಸಿಗುತ್ತಿರಲಿಲ್ಲ. ಆಸನ ಖಾಲಿಯಾಗಿಯೇ ಹೋಗುತ್ತಿತ್ತು, ಅವನು ವಿಮಾನ ನಿಲ್ದಾಣದಲ್ಲಿ ಕುಳಿತಿರುತ್ತಿದ್ದ.

ಇದೇ ಯುನೈಟೆಡ್ ಕಂಪೆನಿಯ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. 1978ರ ಡಿಸೆಂಬರ್ 28ರಂದು ಅದರ ಒಂದು ವಿಮಾನ ಪೋರ್ಟ್‌ಲೆಂಡ್ ನಗರದ ಬಳಿ ನೆಲಕ್ಕಪ್ಪಳಿಸಿತು. ಚಕ್ರಗಳ ತೊಂದರೆಯನ್ನು ಪರೀಕ್ಷಿಸುತ್ತಾ ಕ್ಯಾಪ್ಟನ್ ಆಕಾಶದಲ್ಲಿ ಸುತ್ತು ಹಾಕುತ್ತಿದ್ದಾಗ ಇಂಧನ ಮುಗಿದುಹೋಗಿತ್ತು. ಇಂಧನ ಕಡಿಮೆಯಾಗುತ್ತಿರುವುದು ಜೊತೆಯಲ್ಲಿದ್ದವರಿಗೆ ತಿಳಿದಿತ್ತು, ಆದರೆ ಗಟ್ಟಿಯಾಗಿ ಒತ್ತಿ ಹೇಳಲು ಅವರಿಗೆ ಸಾಧ್ಯವಾಗಲಿಲ್ಲ. 10 ಮಂದಿ ಸತ್ತರು. ಆ ಪಾಠದಿಂದ 1981ರಲ್ಲಿ ಆ ಕಂಪೆನಿ ತನ್ನ ಚಾಲಕರಿಗೆ ಒಂದು ಹೊಸ ತರಬೇತಿ ಆರಂಭಿಸಿತು. ಕಾಕ್‌ಪಿಟ್‌ನಲ್ಲಿ ಹಿರಿಯ ಕಿರಿಯ ಎನ್ನದೆ ಪರಸ್ಪರ ಮಾತನಾಡಬೇಕು, ಸಂಶಯ ಬಂದರೆ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಕೇಳಬೇಕು ಎಂಬುದೇ ಅದರ ಸಾರ. ಇಂದು ಲೋಕದ ಎಲ್ಲ ಕಂಪೆನಿಗಳಲ್ಲೂ ಆ ತರಬೇತಿಯಿದೆ. ಮಾತು ಎಂಬುದು ಇಂಧನದಷ್ಟೇ ಅಗತ್ಯವೆಂದು ಮೊದಲು ಕಲಿಸಿದ ಕಂಪೆನಿಯಲ್ಲೇ ನಾಲ್ಕು ವರ್ಷಗಳ ಬಳಿಕ ಮಾತು ಬಿಟ್ಟವರ ಪಟ್ಟಿ ತಯಾರಾಯಿತು! ಹಗೆಯಿಂದಾಗಿ ಇಂತಹ ವಿಮಾನ ಬಿತ್ತೆಂದು ನಾನು ಹೇಳುತ್ತಿಲ್ಲ. ಬಹುಪಾಲು ಚಾಲಕರು ಹಗೆಯ ನಡುವೆಯೂ ಕೆಲಸಕ್ಕೆ ಬೇಕಾದಷ್ಟು ಮಾತನ್ನು ಆಡಿಯೇ ಆಡಿದರು. ಕೆಲಸದ ಮಾತು ಮುಗಿದ ಬಳಿಕ ಗಂಟೆಗಟ್ಟಲೆ ಕವಿಯುವ ಮೌನವನ್ನು ನೀವೇ ಊಹಿಸಿಕೊಳ್ಳಿರಿ. ಗೇಣುದ್ದದ ದೂರದಲ್ಲಿ ಇಬ್ಬರು, ಕೆಳಗೆ ಮೋಡ, ಹಿಂದೆ ನಿಶ್ಚಿಂತೆಯಿಂದ ನಿದ್ರಿಸುತ್ತಿರುವ ನೂರಾರು ಜನ.

ಭಾರತದಲ್ಲಿಯೂ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್‌ಗಳನ್ನು ಒಂದುಗೂಡಿಸಿದ ಬಳಿಕ ಎರಡು ಕಡೆಯ ಚಾಲಕರು ಒಂದಾಗಲಿಲ್ಲ. 2011ರಲ್ಲಿ ಒಂದು ಕಡೆಯವರು ಮುಷ್ಕರ ಹೂಡಿದರು. 2012ರಲ್ಲಿ ಇನ್ನೊಂದು ಕಡೆಯವರು, ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಪ್ರಶ್ನೆಯ ಮೇಲೆ, ಸುಮಾರು ಎರಡು ತಿಂಗಳು ಕೆಲಸ ನಿಲ್ಲಿಸಿದರು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಹಾಗಾದರೆ ತಪ್ಪು ಯಾರದು? ಧಾರ್ಮಿಕ ಲೇಖನಗಳಲ್ಲಿ ನಾವು ಈ ಪ್ರಶ್ನೆಯನ್ನು ಬೇಗನೆ ದಾಟಿಬಿಡುತ್ತೇವೆ. ಕ್ಷಮಿಸಿರಿ, ಮರೆತುಬಿಡಿರಿ ಎಂದು ಕಾರ್ಮಿಕನಿಗೆ ಉಪದೇಶಿಸುವುದು ಸುಲಭ. ಧಣಿಗೆ ಏನೂ ಹೇಳದಿರುವುದು ಇನ್ನೂ ಸುಲಭ. ಇಸ್ಲಾಮ್ ಹಾಗೆ ಮಾಡುವುದಿಲ್ಲ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೂಲಿಯಾಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯ ದಿನದಲ್ಲಿ ಸ್ವತಃ ಅಲ್ಲಾಹನೇ ಎದುರುಪಕ್ಷದಲ್ಲಿ ನಿಲ್ಲುವನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಆದುದರಿಂದ ಹಕ್ಕನ್ನು ಕೇಳುವುದು ಹಗೆಯಲ್ಲ. ಒಟ್ಟಾಗಿ ಕೇಳುವುದೂ ಹಗೆಯಲ್ಲ. ಸಾವಿರಾರು ಜನರ ಕೈಯಿಂದ ಅವರ ಸಂಘವನ್ನು ಕಿತ್ತುಕೊಂಡು ಒಬ್ಬೊಬ್ಬನನ್ನು ಅವನ ಸಾಲ, ಅವನ ಮಗುವಿನ ಶಾಲೆ, ಅವನ ಹೆಂಡತಿಯ ಕಣ್ಣೀರು ಇವುಗಳ ಜೊತೆ ಒಂಟಿಯಾಗಿ ಕೂರಿಸಿ ಸಹಿ ಹಾಕಿಸುವ ಬಲಶಾಲಿಯ ಉಪಾಯವನ್ನು ನ್ಯಾಯವೆಂದು ನಾನು ಕರೆಯಲಾರೆ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದ್ದರೂ ಸರಿ.

ಇನ್ನೊಂದು ಬದಿಯೂ ಇದೆ. ಉಳಿದೆಲ್ಲ ದುಡಿಯುವವರು ಬಿಗಿ ಹಿಡಿದುಕೊಂಡಿದ್ದ ಕಾಲದಲ್ಲಿ ಅವರಿಗಿಂತ ಎಷ್ಟೋ ಹೆಚ್ಚು ಸಂಪಾದಿಸುತ್ತಿದ್ದವರು ಮೂರನೇ ಒಂದರಷ್ಟಕ್ಕೆ ಹತ್ತಿರದ ಏರಿಕೆ ಕೇಳಿದರು. ಉಳಿದ ಕಾರ್ಮಿಕರ ಮಹಾಸಂಘ ಅವರ ಜೊತೆ ನಿಲ್ಲದಿದ್ದುದಕ್ಕೆ ಇದೂ ಕಾರಣ. ಆಸ್ಟ್ರೇಲಿಯಾ ಒಂದು ಖಂಡದಷ್ಟು ದೊಡ್ಡ ದೇಶ. ಉತ್ತರ ಕ್ವೀನ್ಸ್‌ಲೆಂಡ್, ಟಾಸ್ಮೇನಿಯಾದಂತಹ ಪ್ರವಾಸಿಗರನ್ನೇ ನಂಬಿದ ಪ್ರದೇಶಗಳಲ್ಲಿ ವಿಮಾನ ನಿಂತರೆ ಹೊಟೇಲುಗಳು ಖಾಲಿ, ಹೊಟೇಲಿನಲ್ಲಿ ಹಾಸಿಗೆ ಹಾಸುವ ಹೆಂಗಸಿನ ಕೈಯೂ ಖಾಲಿ. ಪೈಲಟ್‌ಗಳು ಬರೆದ ಪಟ್ಟಿಗಳಲ್ಲಿ ಆಕೆಯ ಹೆಸರಿಲ್ಲ. ನಾವು ಬರೆಯುವ ಪಟ್ಟಿಗಳಲ್ಲೂ ಸಾಮಾನ್ಯವಾಗಿ ನಮಗೆ ಅನ್ಯಾಯ ಮಾಡಿದವರ ಹೆಸರಿರುತ್ತದೆ, ನಮ್ಮಿಂದ ನೋವುಂಡವರ ಹೆಸರಿರುವುದಿಲ್ಲ.

ಪ್ರಧಾನಿ ಹಾಕ್ ಅವರು ವಿಮಾನ ಚಾಲಕರನ್ನು ಬಸ್ ಚಾಲಕರಿಗೆ ಹೋಲಿಸಿ ಹೀಯಾಳಿಸಿದರೆಂಬ ಮಾತು ಆ ಚಾಲಕರ ನಡುವೆ ಇಂದಿಗೂ ನೋವಿನಿಂದ ಹೇಳಲ್ಪಡುತ್ತದೆ. ಸಂಬಳ ಹೋದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತಂತೆ. ನಾಲಿಗೆಯ ಗಾಯದ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಬಸ್ ಚಾಲಕನ ಹೆಸರು ಬೈಗುಳವಾದದ್ದು ಹೇಗೆ? ಮಳೆಗಾಲದ ರಾತ್ರಿ ಶಿರಾಡಿ ಘಾಟಿಯನ್ನು ಇಳಿಸಿಕೊಂಡು ಬರುವವನ ಕೈಯಲ್ಲಿಯೂ ಐವತ್ತು ಜೀವಗಳಿರುತ್ತವೆ.

ಮರಳಿ ಹೋದ ಪೈಲಟ್‌ನ ಬಗ್ಗೆ ಏನೆನ್ನಬೇಕು? ಸಭೆಯಲ್ಲಿ ಕೈಯೆತ್ತಿ ಮಾತು ಕೊಟ್ಟಿದ್ದವನು ಮಾತು ಮುರಿದಿದ್ದರೆ ಅದು ಲಘುವಾದ ವಿಷಯವಲ್ಲ. ಕರಾರನ್ನು ಪಾಲಿಸುವುದು ಸತ್ಯವಿಶ್ವಾಸಿಯ ಲಕ್ಷಣವೆಂದು ಕುರ್‌ಆನ್ ಮತ್ತೆ ಮತ್ತೆ ಎಚ್ಚರಿಸುತ್ತದೆ. ಅವನು ನಿಜಕ್ಕೂ ನಿರ್ವಾಹವಿಲ್ಲದೆ ಹೋದನೋ ಅಥವಾ ಹೊರಗಿದ್ದವರ ಹುದ್ದೆಯ ಮೇಲೆ ಕಣ್ಣಿಟ್ಟು ಹೋದನೋ ಎಂಬುದನ್ನು ಅವನೂ ಅವನ ಪ್ರಭುವೂ ಮಾತ್ರ ಬಲ್ಲರು. ಯಾವ ಸಭೆಯಲ್ಲೂ ಕೈಯೆತ್ತದೆ, ಹೊರದೇಶದಿಂದ ಬಂದು ಸೇರಿಕೊಂಡವನ ಲೆಕ್ಕವೇ ಬೇರೆ. ಪಟ್ಟಿ ಬರೆದವರು ಮಾತ್ರ ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ, ಒಂದೇ ಶಾಯಿಯಲ್ಲಿ ಬರೆದರು. ಹಗೆಗೆ ವಿವರಗಳು ಬೇಡ.

ಈಗ ಮದೀನಕ್ಕೆ ಬನ್ನಿರಿ. ಹಿಜಿರಾ 9ನೇ ವರ್ಷ. ತಬೂಕ್ ಯಾತ್ರೆಗೆ ಪ್ರವಾದಿವರ್ಯರು(ಸ) ಕರೆಯಿತ್ತರು. ಸುಡುವ ಬಿಸಿಲು, ದೂರದ ದಾರಿ, ತೋಟಗಳಲ್ಲಿ ಹಣ್ಣು ಮಾಗಿದ ಕಾಲ. ಕರೆ ಎಲ್ಲರಿಗೂ ಇತ್ತು. ಅನ್ಸಾರರ ಕವಿ ಹಝ್ರತ್ ಕಅಬ್ ಬಿನ್ ಮಾಲಿಕ್(ರ) ಹೋಗಲಿಲ್ಲ. ಅವರಿಗೆ ಕಾಯಿಲೆಯಿರಲಿಲ್ಲ, ಬಡತನವಿರಲಿಲ್ಲ, ಸವಾರಿಗೆ ಒಂಟೆಯಿತ್ತು. ಇಂದು ಹೊರಡುವೆ, ನಾಳೆ ಹೊರಡುವೆ ಎನ್ನುತ್ತಾ ಉಳಿದುಬಿಟ್ಟರು. ಸೈನ್ಯ ಮರಳಿದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಬಂದು ಒಂದೊಂದು ನೆಪ ಹೇಳಿ ಪಾರಾದರು. ಕಅಬ್(ರ), ಮುರಾರ ಬಿನ್ ರಬೀಅ್(ರ) ಮತ್ತು ಹಿಲಾಲ್ ಬಿನ್ ಉಮಯ್ಯ(ರ) ಈ ಮೂವರು ಮಾತ್ರ ತಮಗೆ ಯಾವ ನೆಪವೂ ಇಲ್ಲವೆಂದು ಸತ್ಯವನ್ನೇ ಹೇಳಿದರು. ಅವರ ತೀರ್ಮಾನವನ್ನು ಅಲ್ಲಾಹನಿಗೆ ಬಿಡಲಾಯಿತು. ಅಲ್ಲಿಯವರೆಗೆ ಯಾರೂ ಅವರೊಡನೆ ಮಾತನಾಡಬಾರದೆಂದು ಆಜ್ಞೆಯಾಯಿತು.

ಇದು ಕೂಡಾ ಬಹಿಷ್ಕಾರವೇ. ಎಲ್ಲರೂ ಒಂದಾಗಿ ಹೊರಟಾಗ ಹಿಂದುಳಿದವರ ಮೇಲಿನ ಬಹಿಷ್ಕಾರ. ಕಅಬ್(ರ) ಪೇಟೆಯಲ್ಲಿ ನಡೆಯುತ್ತಿದ್ದರು, ಯಾರೂ ಮಾತನಾಡುತ್ತಿರಲಿಲ್ಲ. ಮಸೀದಿಗೆ ಬಂದು ಸಲಾಮ್ ಹೇಳುತ್ತಿದ್ದರು, ಪ್ರವಾದಿವರ್ಯರ(ಸ) ತುಟಿ ಚಲಿಸಿತೇ ಎಂದು ಹುಡುಕುತ್ತಿದ್ದರು. ಒಂದು ದಿನ ತಡೆಯಲಾರದೆ ಚಿಕ್ಕಪ್ಪನ ಮಗ, ಅತ್ಯಂತ ಪ್ರೀತಿಯ ಗೆಳೆಯ ಅಬೂ ಕತಾದರ(ರ) ತೋಟದ ಗೋಡೆ ಹತ್ತಿ ಇಳಿದು ಸಲಾಮ್ ಹೇಳಿದರು. ಉತ್ತರ ಬರಲಿಲ್ಲ. ನಾನು ಅಲ್ಲಾಹನನ್ನೂ ಅವನ ಪ್ರವಾದಿಯನ್ನೂ ಪ್ರೀತಿಸುವುದು ನಿನಗೆ ಗೊತ್ತಿಲ್ಲವೇ ಎಂದು ಮೂರು ಸಲ ಕೇಳಿದ ಮೇಲೆ, ಅಲ್ಲಾಹನಿಗೂ ಅವನ ಪ್ರವಾದಿಗೂ ಗೊತ್ತು ಎಂಬಷ್ಟೇ ಉತ್ತರ ಸಿಕ್ಕಿತು. ಕಅಬ್‌ರ(ರ) ಕಣ್ಣುಗಳು ತುಂಬಿದವು.

ಅದೇ ದಿನಗಳಲ್ಲಿ ಸಿರಿಯದಿಂದ ಧಾನ್ಯ ಮಾರಲು ಬಂದ ಒಬ್ಬ ಅವರನ್ನು ಹುಡುಕಿಕೊಂಡು ಬಂದು ಗಸ್ಸಾನ್ ದೊರೆಯ ಪತ್ರವನ್ನು ಕೊಟ್ಟ. ನಿಮ್ಮವರು ನಿಮ್ಮನ್ನು ದೂರವಿಟ್ಟಿದ್ದಾರಂತೆ, ನಮ್ಮ ಬಳಿಗೆ ಬನ್ನಿ ಎಂಬ ಆಹ್ವಾನ ಅದರಲ್ಲಿತ್ತು. ಇದೂ ಒಂದು ಪರೀಕ್ಷೆಯೆಂದು ಅವರು ಅದನ್ನು ಒಲೆಗೆ ಹಾಕಿದರು. ನಾವು ಮಾತು ಬಿಟ್ಟವನ ಬಾಗಿಲಿಗೆ ಇಂತಹ ಪತ್ರ ಬಂದೇ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎಲ್ಲರೂ ಕಅಬ್(ರ) ಆಗಿರುವುದಿಲ್ಲ.

ಐವತ್ತು ರಾತ್ರಿಗಳು ಕಳೆದವು. ಐವತ್ತನೆಯ ಬೆಳಗಿನ ನಮಾಝಿನ ಬಳಿಕ ಕಅಬ್(ರ) ತಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತಿದ್ದರು. ಸಲ್‌ಅ ಬೆಟ್ಟದ ಮೇಲಿನಿಂದ ಒಂದು ಕೂಗು ಕೇಳಿಸಿತು: ಶುಭವಾರ್ತೆ. ಅಲ್ಲಾಹನು ಮೂವರ ಪಶ್ಚಾತ್ತಾಪವನ್ನೂ ಸ್ವೀಕರಿಸಿದ್ದನು.

ಯೋಚಿಸಿರಿ. ಅಲ್ಲಾಹನ ಪ್ರವಾದಿಯ ಕರೆಗೆ ಹಿಂದುಳಿದವರು ಅವರು. ಯಾವ ಕಾರ್ಮಿಕ ಸಂಘದ, ಯಾವ ಜಮಾಅತಿನ, ಯಾವ ಕುಟುಂಬದ ಕರೆಯನ್ನೂ ಅದರ ಪಕ್ಕದಲ್ಲಿಡಲಾಗದು. ಅವರ ತಪ್ಪು ನಿಜವಾಗಿತ್ತು, ಅವರೇ ಒಪ್ಪಿಕೊಂಡದ್ದಾಗಿತ್ತು. ಬಹಿಷ್ಕಾರದ ಆಜ್ಞೆಯೂ ಅಹಂಕಾರದಿಂದ ಬಂದದ್ದಾಗಿರಲಿಲ್ಲ. ಆದರೂ ಅದರ ಆಯುಷ್ಯ ಐವತ್ತು ದಿನ. ನಮ್ಮ ನಿಮ್ಮ ಸಾಮಾನ್ಯ ಮುನಿಸುಗಳಿಗೋ, ಪ್ರವಾದಿವರ್ಯರು(ಸ) ಕೊಟ್ಟ ಗಡುವು ಕೇವಲ ಮೂರು ದಿನ. ಎದುರಾದಾಗ ಇವನು ಮುಖ ತಿರುಗಿಸುವುದು, ಅವನೂ ತಿರುಗಿಸುವುದು ಮೂರು ದಿನಗಳಾಚೆ ಧರ್ಮಸಮ್ಮತವಲ್ಲ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂಬುದು ಅವರ ಬೋಧನೆಯ ಸಾರ. ಸೋಮವಾರ ಮತ್ತು ಗುರುವಾರಗಳಂದು ದಾಸರ ಪಾಪಗಳು ಕ್ಷಮಿಸಲ್ಪಡುವಾಗ ಪರಸ್ಪರ ಹಗೆಯಿರುವ ಇಬ್ಬರ ಕಡತ ಮಾತ್ರ, ಅವರು ರಾಜಿಯಾಗುವವರೆಗೆ, ಬದಿಗಿಡಲ್ಪಡುತ್ತದೆ ಎಂದೂ ಅವರು ತಿಳಿಸಿದ್ದಾರೆ. 1989ರಿಂದ ಈಗಿನವರೆಗೆ ಎಷ್ಟು ಸೋಮವಾರಗಳು, ಎಷ್ಟು ಗುರುವಾರಗಳು ಕಳೆದಿವೆ!

ಹಗೆಯ ಮೂಲವಾದುದೆಲ್ಲ ಈ ನಡುವೆ ಇಲ್ಲವಾಯಿತು. ಆಸ್ಟ್ರೇಲಿಯನ್ ಏರ್‌ಲೈನ್ಸ್ 1992ರಲ್ಲಿ ಕ್ವಾಂಟಸ್‌ನ ಪಾಲಾಯಿತು. ಚಾಲಕರು ಯಾವ ಕಂಪೆನಿಯ ಒಳಗೆ ಹೋಗುವುದು, ಹೊರಗೆ ಉಳಿಯುವುದು ಎಂದು ಗೆಳೆತನಗಳನ್ನು ಕಡಿದುಕೊಂಡರೋ ಆ ಆನ್ಸೆಟ್ 2001ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಯಿತು. ಸುಮಾರು 16,000 ಮಂದಿ ಕೆಲಸ ಕಳಕೊಂಡರು. ಒಳಗೆ ಹೋದವನೂ ಬೀದಿಗೆ ಬಂದ. ಹಾಕ್ 2019ರಲ್ಲಿ ತೀರಿಕೊಂಡರು, ಆನ್ಸೆಟ್‌ನ ಒಡೆಯರಲ್ಲೊಬ್ಬರೂ ಹಾಕ್‌ರ ಗೆಳೆಯರೂ ಆಗಿದ್ದ ಪೀಟರ್ ಎಬಲ್ಸ್ ಅದಕ್ಕೂ 20 ವರ್ಷ ಮೊದಲೇ ತೀರಿಕೊಂಡಿದ್ದರು. ಆಗ 40 ವರ್ಷದವನಾಗಿದ್ದ ಚಾಲಕ ಈಗ ಎಪ್ಪತ್ತು ದಾಟಿದ ಮುದುಕ. ಸಂಬಳವೂ ಇಲ್ಲ, ಕಂಪೆನಿಯೂ ಇಲ್ಲ, ಧಣಿಯೂ ಇಲ್ಲ. ಉಳಿದಿರುವುದು ಪಟ್ಟಿ.

ಇಲ್ಲಿ ನಿಮ್ಮಲ್ಲೊಬ್ಬರು ಕೇಳಬಹುದು: ನನ್ನ ಮನೆ ಹೋಯಿತು, ನನ್ನ ಮಕ್ಕಳು ಊರು ಬಿಟ್ಟರು, ಹೋದವನು ಬಂದು ಕ್ಷಮೆಯನ್ನೂ ಕೇಳಲಿಲ್ಲ; ಅವನನ್ನು ಅಪ್ಪಿಕೊಳ್ಳಬೇಕೇ? ನ್ಯಾಯವಾದ ಪ್ರಶ್ನೆ. ಹಝ್ರತ್ ಹಂಝಾರನ್ನು(ರ) ಉಹುದ್‌ನಲ್ಲಿ ಕೊಂದ ವಹ್‌ಶಿ ಮುಂದೆ ಇಸ್ಲಾಮ್ ಸ್ವೀಕರಿಸಲು ಬಂದಾಗ ಪ್ರವಾದಿವರ್ಯರು(ಸ) ಅದನ್ನು ಸ್ವೀಕರಿಸಿದರು. ಸೇಡು ತೀರಿಸಲಿಲ್ಲ, ಅವನ ಹೆಸರನ್ನು ಯಾವ ಪಟ್ಟಿಯಲ್ಲೂ ಇಡಲಿಲ್ಲ. ಆದರೆ ಸಾಧ್ಯವಾದರೆ ನನ್ನ ಕಣ್ಣೆದುರು ಬಾರದಿರು ಎಂದು ಕೇಳಿಕೊಂಡರು. ಕಾರಣ, ಅವರ ಚಿಕ್ಕಪ್ಪನ ನೆನಪು ಹಸಿಯಾಗಿತ್ತು. ನೋವು ಇರುವುದು ಪಾಪವಲ್ಲ. ನೆನಪು ಉಳಿಯುವುದೂ ಪಾಪವಲ್ಲ. ಪ್ರತಿದಿನ ಅವನ ಜೊತೆ ಚಹಾ ಕುಡಿಯಬೇಕೆಂದೂ ಇಲ್ಲ. ಅವನ ಹಕ್ಕಿನದನ್ನು ತಡೆಯುವುದು, ಅವನ ದಾರಿಗೆ ಅಡ್ಡ ನಿಲ್ಲುವುದು, ಅವನ ಬಗ್ಗೆ ಏನೂ ಅರಿಯದ ಕಿರಿಯರ ಕೈಗೆ ಅವನ ಹೆಸರನ್ನು ದಾಟಿಸುವುದು ಬೇರೆ ವಿಷಯ.

ಅಷ್ಟೇ ಅಲ್ಲ, ಹಕ್ಕಲ್ಲದ ಉಪಕಾರವನ್ನು ನಿಲ್ಲಿಸುವುದರಲ್ಲಿಯೂ ಎಚ್ಚರ ಬೇಕು. ಹಝ್ರತ್ ಅಬೂಬಕರ್(ರ) ತಮ್ಮ ಬಡ ಬಂಧು ಮಿಸ್ತಹ್‌ರನ್ನು(ರ) ಸಾಕುತ್ತಿದ್ದರು. ಹಝ್ರತ್ ಆಇಶಾರ(ರ) ಮೇಲೆ ಸುಳ್ಳಾರೋಪ ಹಬ್ಬಿದಾಗ ಈ ಮಿಸ್ತಹ್ ಕೂಡಾ ಅದರಲ್ಲಿ ಬಾಯಿ ಹಾಕಿದರು. ತನ್ನ ಅನ್ನ ಉಂಡವನು ತನ್ನ ಮಗಳ ಮಾನದ ಮೇಲೆ ಮಾತಾಡಿದರೆ ಯಾವ ತಂದೆ ಸಹಿಸಿಯಾನು? ಇನ್ನು ಇವನಿಗೆ ಏನನ್ನೂ ಕೊಡೆನೆಂದು ಅಬೂಬಕರ್(ರ) ಆಣೆಯಿಟ್ಟರು. ಆಗ ಸೂರಃ ಅನ್ನೂರ್‌ನ ವಚನ ಅವತೀರ್ಣವಾಯಿತು. ಅನುಕೂಲಸ್ಥರು ಅಂತಹ ಆಣೆ ಇಡಬಾರದು, ಅಲ್ಲಾಹನ ಕ್ಷಮೆಯನ್ನು ತಾವು ಬಯಸುವವರು ತಾವೂ ಕ್ಷಮಿಸಬೇಕೆಂಬುದು ಅದರ ಆಶಯ. ಅಬೂಬಕರ್(ರ) ಆಣೆ ಮುರಿದು ಸಹಾಯವನ್ನು ಮತ್ತೆ ಆರಂಭಿಸಿದರು. ಕಾಕ್‌ಪಿಟ್‌ನ ಆ ಖಾಲಿ ಆಸನವೂ ಯಾರ ಹಕ್ಕೂ ಅಲ್ಲ, ಕ್ಯಾಪ್ಟನ್‌ನ ಉಪಕಾರ ಮಾತ್ರ.

ನಮ್ಮ ಮನೆಗಳಲ್ಲಿ ಪೈಲಟ್‌ಗಳು ವಿರಳ, ಬಸ್ ಚಾಲಕರೂ ನಿರ್ವಾಹಕರೂ ಬೇಕಾದಷ್ಟಿದ್ದಾರೆ. ಕರ್ನಾಟಕದಲ್ಲಿ 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಮುಷ್ಕರ ಹೂಡಿದ್ದರು. ಅದರ ಉತ್ತರಾರ್ಧ ರಮಝಾನ್ ತಿಂಗಳಾಗಿತ್ತು. ಆಗ ಬಸ್ಸು ಹೊರಡಿಸಿದವರೂ ಹೊರಡಿಸದವರೂ ಇಂದು ಅದೇ ಡಿಪೋಗಳಲ್ಲಿದ್ದಾರೆ. ಅಂತಹವರು ಈ ಸಾಲುಗಳನ್ನು ಓದುತ್ತಿದ್ದರೆ ಅವರಿಗೆ ನಾನು ಹೆಚ್ಚೇನೂ ಹೇಳಬೇಕಾಗಿಲ್ಲ. ಉಳಿದವರಿಗೆ ಜಮಾಅತಿನ ಚುನಾವಣೆಯಿದೆ, ತಂದೆ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗವಿದೆ, ಮದುವೆಯ ಕರೆಯೋಲೆ ತಲುಪದ ದೂರಿದೆ. ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ನಮಾಝಿನ ಕೊನೆಗೆ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಮ್ ಹೇಳಿ, ಹೊರಗೆ ಚಪ್ಪಲಿ ಮೆಟ್ಟುವಾಗ ಅದೇ ಮನುಷ್ಯನಿಂದ ಮುಖ ತಿರುಗಿಸುವವರನ್ನು ನೀವು ಕಂಡಿಲ್ಲವೇ? ಬರುವ ಗುರುವಾರಕ್ಕೆ ಇನ್ನೆಷ್ಟು ದಿನ ಬಾಕಿಯಿದೆಯೆಂದು ಎಣಿಸಿರಿ. ಫೋನು ಮಾಡಿರಿ. ಆ ಕಡೆಯಿಂದ ಉತ್ತರ ಬರದಿದ್ದರೆ ನಿಮ್ಮ ಕಡತವಾದರೂ ಬದಿಯಿಂದ ಎತ್ತಲ್ಪಡುತ್ತದೆ.

ಶುಭವಾರ್ತೆ ಕೇಳಿದ ಕಅಬ್(ರ) ವಾರ್ತೆ ತಂದವನಿಗೆ ತಮ್ಮ ಮೈಮೇಲಿನ ಬಟ್ಟೆಯನ್ನೇ ಕೊಟ್ಟು, ಬೇರೆಯವರಿಂದ ಬಟ್ಟೆ ಎರವಲು ಪಡೆದು ಮಸೀದಿಗೆ ಬಂದರು. ಅಲ್ಲಿ ಜನರು ಕುಳಿತಿದ್ದರು. ತಲ್ಹಾ ಬಿನ್ ಉಬೈದುಲ್ಲಾಹ್(ರ) ಎದ್ದು ಓಡುತ್ತಾ ಬಂದು ಕೈಕುಲುಕಿ ಅಭಿನಂದಿಸಿದರು. ಮುಹಾಜಿರರ ಪೈಕಿ ಬೇರೆ ಯಾರೂ ಏಳಲಿಲ್ಲ. ಮುಂದೆ ಕಅಬ್(ರ) ಮುದುಕರಾದರು, ಕಣ್ಣುಗಳು ಹೋದವು, ಮಗ ಅಬ್ದುಲ್ಲಾಹ್ ಕೈಹಿಡಿದು ನಡೆಸುತ್ತಿದ್ದರು. ಈ ವೃತ್ತಾಂತ ನಮಗೆ ತಲುಪಿದ್ದು ಆ ಮಗನ ಮೂಲಕ. ತನ್ನೊಡನೆ ಮಾತನಾಡದೆ ಮುಖ ತಿರುಗಿಸಿದ ಪೇಟೆಯ ಜನರಲ್ಲಿ ಒಬ್ಬೊಬ್ಬನ ಹೆಸರನ್ನೂ ಅವರು ಮಗನಿಗೆ ಪಟ್ಟಿ ಮಾಡಿ ಕೊಡಲಿಲ್ಲ. ತಲ್ಹಾ(ರ) ಎದ್ದು ಓಡಿ ಬಂದುದನ್ನು ಮಾತ್ರ ಎಂದೂ ಮರೆಯಲಾರೆನೆಂದು ಹೇಳುತ್ತಿದ್ದರು.